ಲೇಖ್ಯದೋಷ

ಮನೆಯನ್ನು ಮಾರಹೊರಟವನು ಮೊದಲು ಗೋಡೆಗಳ ಬಿರುಕನ್ನು ಹುಡುಕಿ ಸುಣ್ಣ ಬಳಿಸುವನು. ಕಾಗದದೊಳಗಿನ ಬಿರುಕನ್ನು ಹುಡುಕುವವರು ವಿರಳ. ಗೋಕಾಕ ತಾಲೂಕಿನ ಧುಪದಾಳದ ಒಂದು ಮನೆತನದ ಸಂಗತಿಯು ಇದಕ್ಕೆ ನಿದರ್ಶನವಾಗಿರುವದು.

ಘಟಪ್ರಭಾ ನದಿಗೆ 1897ರಲ್ಲಿ ಕಟ್ಟಿ ಮುಗಿಸಿದ ಒಡ್ಡಿನಿಂದ ಹೆಸರಾದ ಆ ಊರಿನಲ್ಲಿ ಇಬ್ಬರು ಸಹೋದರರು ತಂದೆಯ ಮನೆಯನ್ನು ಮೂವತ್ತು ವರ್ಷಗಳ ಹಿಂದೆ ಹಂಚಿಕೊಂಡರು. ಮೂಡಣ ಭಾಗವು ಅಣ್ಣನಿಗೆ, ಪಡುವಣ ಭಾಗವು ತಮ್ಮನಿಗೆ ಎಂದು ಹಿರಿಯರೆದುರು ನಿಶ್ಚಯವಾಯಿತು. ವಾಟಣಿ ಪತ್ರವನ್ನು ಬರೆಯಿಸಿ ನೋಂದಣಿ ಮಾಡಿಸಿದರು; ನಡುವೆ ಗೋಡೆಯೆದ್ದಿತು. ಮುಂದೆ ಹಿತ್ತಿಲಿನ ನುಗ್ಗೆಯ ಮರದ ದೆಸೆಯಿಂದ ಮಾತಿಗೆ ಮಾತು ಬೆಳೆದು, ಕಡೆಗೆ ಮಾತೇ ನಿಂತುಹೋಯಿತು. ಹನ್ನೊಂದು ವರ್ಷ ಅವರು ಒಂದೇ ಗೋಡೆಯ ಎರಡು ಮಗ್ಗುಲುಗಳಲ್ಲಿ ಒಬ್ಬರ ಕೆಮ್ಮನ್ನೊಬ್ಬರು ಕೇಳುತ್ತ ಬಾಳಿದರು.

ಅಣ್ಣನಿಗೆ ವಯಸ್ಸಾಗಿ ಮೊಣಕಾಲು ಸೋತವು. ಮನೆಯನ್ನು ಮಾರಿ ಧಾರವಾಡದಲ್ಲಿರುವ ಮಗಳ ಬಳಿಗೆ ಹೋಗಬೇಕೆಂದು ಸಂಚಕಾರವನ್ನು ಪಡೆದನು. ದೇವರ ಕೋಣೆಯ ಪೆಟ್ಟಿಗೆಯೊಳಗಿದ್ದ ವಾಟಣಿ ಪತ್ರವು ಪ್ರತಿ ದೀಪಾವಳಿಗೆ ಅರಿಷಿಣ ಕುಂಕುಮವನ್ನು ಕಂಡಿದ್ದಿತೇ ಹೊರತು ಓದುವವರನ್ನು ಕಂಡಿರಲಿಲ್ಲ. ಕೊಳ್ಳುವವನ ವಕೀಲರು ಅದನ್ನು ಬಿಚ್ಚಿ ಓದಿದಾಗ, ಬರೆದವನು ಚತುಃಸೀಮೆಯನ್ನು ಅದಲುಬದಲು ಮಾಡಿದ್ದನೆಂಬದು ತಿಳಿಯಿತು. ಕಾಗದದ ಪ್ರಕಾರ ಅಣ್ಣನ ಮನೆಯು ತಮ್ಮನದು. ತಮ್ಮನು ಸಾಲ ಮಾಡಿ ಹೊಸದಾಗಿ ಕಟ್ಟಿದ ಮಾಳಿಗೆಯು ಅಣ್ಣನದು!

ಹೊಸ ಖರೀದಿ ಪತ್ರದಲ್ಲಿ ದಿಕ್ಕುಗಳನ್ನು ಸರಿಯಾಗಿ ಬರೆದರಾಯಿತು, ಹಳೆಯದನ್ನು ಕೆದಕುವದೇಕೆ ಎಂದು ದಲಾಲಿಯು ಅಂದನು. ವಕೀಲರು ಒಪ್ಪಲಿಲ್ಲ. ತನ್ನ ಹೆಸರಿನಲ್ಲಿಲ್ಲದುದನ್ನು ಯಾವನೂ ಇನ್ನೊಬ್ಬನಿಗೆ ಕೊಡಲಾರನು. 1908ರ ನೋಂದಣಿ ಕಾಯಿದೆಯು ಸ್ವತ್ತನ್ನು ಗುರುತಿಸಲು ಸಾಕಾಗುವ ವರ್ಣನೆಯನ್ನು ಅಪೇಕ್ಷಿಸುವದು. ವರ್ಣನೆಯೇ ತಪ್ಪಿದ್ದರೆ ಮೊದಲು ಸಹಿ ಮಾಡಿದವರೆಲ್ಲರೂ ಕೂಡಿ ತಿದ್ದುಪಡಿ ಪತ್ರವನ್ನು ಬರೆದು ನೋಂದಣಿ ಮಾಡಿಸಬೇಕು. ಮೃತರಾದವರಿದ್ದರೆ ಅವರ ವಾರಸುದಾರರು ಬರಬೇಕು. ಒಬ್ಬನು ಒಲ್ಲೆನೆಂದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೆಯ ಕಲಮಿನಂತೆ ದಿವಾಣಿ ನ್ಯಾಯಾಲಯವೇ ಗತಿ. ಅದೇ ಕಲಮು, ನಡುವೆ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವನ ಹಕ್ಕಿಗೆ ತಿದ್ದುಪಡಿಯಿಂದ ಬಾಧೆ ಬರಬಾರದೆನ್ನುವದು. ಆದುದರಿಂದ ತಿದ್ದುವದು ಮಾರಾಟಕ್ಕಿಂತ ಮುಂಚೆಯೇ ಆಗತಕ್ಕದ್ದು.

ಇದು ಹೊಸ ವಿಚಾರವೇನಲ್ಲ. ಪತ್ರವು ಕೆಟ್ಟದಾಗಿ ಬರೆಯಲ್ಪಟ್ಟಿದ್ದರೆ, ಅಳಿಸಿಹೋಗಿದ್ದರೆ, ಹರಿದಿದ್ದರೆ, ಸುಟ್ಟಿದ್ದರೆ ಬೇರೊಂದು ಪತ್ರವನ್ನು ಮಾಡಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ವಿಧಿಸುವದು. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು.

ಶಾಸ್ತ್ರವೇನೋ ಸ್ಪಷ್ಟ, ತಮ್ಮನ ಬಾಗಿಲಿಗೆ ಹೋಗುವವರಾರು? ಎರಡು ರಾತ್ರಿ ಅಣ್ಣನಿಗೆ ನಿದ್ರೆ ಬರಲಿಲ್ಲ. ಕಾಗದದಲ್ಲಿದ್ದಂತೆಯೇ ಪಡುವಣ ಭಾಗವನ್ನು ಬರೆದುಕೊಟ್ಟರೆ ಹೆಚ್ಚು ಬೆಲೆ ಬಂದೀತೆಂದು ದಲಾಲಿಯು ಮೆಲ್ಲನೆ ಸೂಚಿಸಿದ್ದನು. ಗೋಡೆಯಾಚೆ ತಮ್ಮನ ಮೊಮ್ಮಗುವು ಅಳುವದು ಕೇಳಿಸುತ್ತಿದ್ದಿತು. ಮೂರನೆಯ ಬೆಳಗ್ಗೆ ಕೋಲೂರಿಕೊಂಡು ಅವನು ಆ ಹೊಸ್ತಿಲಿನ ಮುಂದೆ ನಿಂತನು.

“ತಮ್ಮಾ, ಕಾಗದದಾಗ ನಿನ್ನ ಮನಿ ನನ್ನ ಹೆಸರಿಗೆ ಆಗೇತಿ. ತಿದ್ದಿಸೋಣು ನಡಿ.”

ತಮ್ಮನು ಕಾಗದವನ್ನು ಇಸಿದುಕೊಂಡನೇ ಹೊರತು ಒಳಗೆ ಕರೆಯಲಿಲ್ಲ. ಇದರಲ್ಲಿ ಅಣ್ಣನ ಹೂಟವೇನಿರಬಹುದೆಂದು ಅವನ ಶಂಕೆ. ವಾರವೊಂದು ಕಳೆಯಿತು, ಸಂಚಕಾರದ ಗಡುವು ಹತ್ತಿರವಾಯಿತು. ಮಗನಿಂದ ಪತ್ರವನ್ನು ಎರಡು ಸಲ ಓದಿಸಿದ ಮೇಲೆ, ಅಣ್ಣನು ಬಾಯಿ ಮುಚ್ಚಿಕೊಂಡು ಮಾರಿದ್ದರೆ ತನ್ನ ಮಾಳಿಗೆಯೇ ವ್ಯಾಜ್ಯಕ್ಕೆ ಬೀಳುತ್ತಿದ್ದಿತೆಂಬದು ಅವನಿಗೆ ಹೊಳೆಯಿತು. ಆ ಸಂಜೆ ಅವನೇ ಬಂದು, “ಅಣ್ಣಾ, ನಾಳೆ ಗೋಕಾಕಕ್ಕ ಯಾವ ಬಸ್ಸಿಗೆ ಹೋಗೋಣು?” ಎಂದು ಕೇಳಿದನು.

ತಿದ್ದುಪಡಿ ಪತ್ರದಲ್ಲಿ ಹಳೆಯ ಪತ್ರದ ನಂಬರು, ತಾರೀಖುಗಳನ್ನು ಕಾಣಿಸಿ, ತಪ್ಪಾಗಿ ಬರೆದುದಾವುದು, ಓದಿಕೊಳ್ಳಬೇಕಾದುದಾವುದು ಎಂಬದನ್ನು ಬರೆದರು. ಇಬ್ಬರೂ ಅಧಿಕಾರಿಯ ಮುಂದೆ ನಿಂತು ಸಹಿ ಮಾಡಿ ಹೆಬ್ಬೆರಳೊತ್ತಿದರು. ಅದರ ಆಧಾರದಿಂದ ಪಂಚಾಯತಿಯ ದಾಖಲೆಯನ್ನೂ ಸರಿಪಡಿಸಿಕೊಂಡ ಮೇಲೆಯೇ ಖರೀದಿ ಪತ್ರವಾಯಿತು.

ನೋಂದಣಿಯ ಪುಸ್ತಕದಲ್ಲಿ ಹಳೆಯ ಬರಹವನ್ನು ಅಳಿಸುವದಿಲ್ಲ. ತಪ್ಪೂ ಉಳಿಯುವದು, ತಿದ್ದಿದುದೂ ಉಳಿಯುವದು, ಮುಂದಿನವರು ಎರಡನ್ನೂ ಕೂಡಿಸಿ ಓದಬೇಕು. ಸಹೋದರರ ಹನ್ನೊಂದು ವರ್ಷಗಳೂ ಹಾಗೆಯೇ ಉಳಿದವು. ಅಣ್ಣನು ಧಾರವಾಡಕ್ಕೆ ಹೊರಟ ದಿನ ತಮ್ಮನು ಬಸ್ಸಿನವರೆಗೆ ಬಂದು, ಒಂದು ಕಟ್ಟು ನುಗ್ಗೆಕಾಯಿಯನ್ನು ಅವನ ಚೀಲದೊಳಗಿಟ್ಟನು.