ಎರಡನೆಯ ಪರಭಾಷೆ

ಶಾಲೆಯ ಮಕ್ಕಳು ಎಷ್ಟು ಭಾಷೆಗಳನ್ನು ಕಲಿಯಬೇಕು, ಯಾವ ಭಾಷೆಗಳನ್ನು ಕಲಿಯಬೇಕು ಎಂಬ ಚರ್ಚೆ ನಮ್ಮಲ್ಲಿ ಹೊಸದಲ್ಲ. 1968ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ತ್ರಿಭಾಷಾ ಸೂತ್ರವು ಸ್ಥಾನ ಪಡೆದಂದಿನಿಂದ ಅದು ನಡೆಯುತ್ತಲೇ ಬಂದಿದೆ. ಪ್ರಥಮ ಭಾಷೆಯ ಸ್ಥಾನ ಯಾವುದಕ್ಕೆ ಸಲ್ಲಬೇಕೆಂಬ ಪ್ರಶ್ನೆ 1982ರಲ್ಲಿ ಗೋಕಾಕ್ ಚಳವಳಿಯಾಗಿ ಬೀದಿಗಿಳಿದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು, ಉಳಿದೆರಡಕ್ಕೆ ತಲಾ 100. ಹೆಚ್ಚು ಅಂಕ ಬರುತ್ತದೆಂಬ ಒಂದೇ ಕಾರಣಕ್ಕೆ ಸಂಸ್ಕೃತವನ್ನು ಆರಿಸಿಕೊಂಡು, ಉತ್ತರಗಳನ್ನು ಬಹುಪಾಲು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಮುಂದೆ ಹೋದ ಜಾಣ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರನ್ನು ದೂರಲಾರೆ. ಆದರೆ ಅವರಲ್ಲಿ ಎಷ್ಟು ಮಂದಿಗೆ ಇಂದು ಒಂದು ಸುಭಾಷಿತವಾದರೂ ಅರ್ಥ ಸಹಿತ ನೆನಪಿದೆಯೋ ಕಾಣೆ.

ಈ ಹಳೆಯ ವಿಷಯವನ್ನು ಮತ್ತೆ ಯೋಚಿಸುವಂತೆ ಮಾಡಿದುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸಮೀಪದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ಆಕೆ, ಆಕೆಯ ಪತಿ ಇಬ್ಬರೂ ಇಂಜಿನಿಯರುಗಳು. ಮಗನಿಗೆ ಆರು ವರ್ಷವಾಗಿದ್ದಾಗ ಬೆಂಗಳೂರಿನಿಂದ ಅಲ್ಲಿಗೆ ಹೋದವರು. ಈಗ ಹುಡುಗನಿಗೆ ಹನ್ನೆರಡು. ಆರನೆಯ ತರಗತಿ ಮುಗಿಸುತ್ತಿದ್ದಾನೆ. “ಮೇಷ್ಟ್ರೇ, ಅವನು ಫ್ರೆಂಚ್ ಮುಂದುವರಿಸಬೇಕೋ ಬಿಡಬೇಕೋ ಈ ತಿಂಗಳೊಳಗೆ ಬರೆದುಕೊಡಬೇಕಾಗಿದೆ. ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ನೀವೊಂದು ಮಾತು ಹೇಳಿ” ಎಂದು ಬರೆದಿದ್ದಳು.

ನಮ್ಮ ಓದುಗರಿಗೆ ಅಲ್ಲಿಯ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು. ಶಿಕ್ಷಣವು ಅಲ್ಲಿ ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ ವಿಷಯ. ಸ್ಟುಟ್‌ಗಾರ್ಟ್ ರಾಜಧಾನಿಯಾಗಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೇ ಮುಗಿಯುತ್ತದೆ. ಅನಂತರ ಮಕ್ಕಳ ದಾರಿಗಳು ಬೇರೆಬೇರೆ. ವಿಶ್ವವಿದ್ಯಾಲಯದತ್ತ ನೇರವಾಗಿ ನಡೆಸುವ ಶಾಲೆಗೆ ಗಿಮ್ನಾಸಿಯುಮ್ ಎಂದು ಹೆಸರು. ಅಲ್ಲಿ ಇಂಗ್ಲಿಷಿನ ಜೊತೆಗೆ ಎರಡನೆಯ ಪರಭಾಷೆಯೊಂದನ್ನು, ಸಾಮಾನ್ಯವಾಗಿ ಫ್ರೆಂಚನ್ನೋ ಲ್ಯಾಟಿನ್ನನ್ನೋ, ಎಲ್ಲರೂ ಕಲಿಯಲೇಬೇಕು. ಏಕೆಂದರೆ ಶಾಲಾಂತ್ಯದ ಅಬಿಟೂರ್ ಪರೀಕ್ಷೆಗೆ ಎರಡು ಪರಭಾಷೆಗಳ ಕಲಿಕೆ ಅಗತ್ಯ. ರೆಆಲ್‌ಶೂಲ ಎಂಬ ಇನ್ನೊಂದು ಬಗೆಯ ಶಾಲೆ ಹತ್ತನೆಯ ತರಗತಿಯವರೆಗೆ ನಡೆಯುತ್ತದೆ. ಅಲ್ಲಿ ಇಂಗ್ಲಿಷ್ ಎಲ್ಲರಿಗೂ ಉಂಟು. ಎರಡನೆಯ ಪರಭಾಷೆ ಐಚ್ಛಿಕ. ಆರನೆಯ ತರಗತಿಯಲ್ಲಿ ಬೇಕಾದವರು ಫ್ರೆಂಚ್ ಆರಂಭಿಸಬಹುದು. ಏಳನೆಯ ತರಗತಿಗೆ ಬರುವಾಗ ಅದನ್ನೇ ಮುಂದುವರಿಸಬಹುದು, ಇಲ್ಲವೇ ಬಿಟ್ಟು ‘ಟೆಕ್ನಿಕ್’ ಎಂಬ ಕೈಗೆಲಸದ ವಿಷಯವನ್ನೋ, ಆಹಾರ, ಮನೆವಾರ್ತೆ, ಸಮಾಜಜೀವನಗಳನ್ನು ಕಲಿಸುವ ಮತ್ತೊಂದು ವಿಷಯವನ್ನೋ ತೆಗೆದುಕೊಳ್ಳಬಹುದು. ಆರಿಸಿದ ವಿಷಯವು ಜರ್ಮನ್, ಗಣಿತ, ಇಂಗ್ಲಿಷ್‌ಗಳ ಸಾಲಿನಲ್ಲಿ ಮುಖ್ಯ ವಿಷಯವೆಂದೇ ಎಣಿಕೆಗೆ ಬರುತ್ತದೆ. ಆದುದರಿಂದ ಇದು ಆಟದ ಆಯ್ಕೆಯಲ್ಲ.

ಈ ಹುಡುಗ ರೆಆಲ್‌ಶೂಲಕ್ಕೆ ಸೇರಿದವನು. ಜರ್ಮನ್ ಬರವಣಿಗೆ ಇನ್ನೂ ಕುಂಟುತ್ತಿದ್ದುದರಿಂದ ಹತ್ತನೆಯ ವಯಸ್ಸಿನಲ್ಲಿ ಆ ದಾರಿಯೇ ಸೂಕ್ತವೆಂದು ಅಲ್ಲಿಯ ಅಧ್ಯಾಪಕರು ಸಲಹೆ ಮಾಡಿದ್ದರಂತೆ. ತಾಯಿಯ ಮನಸ್ಸಿನಲ್ಲಿ ಆ ನೋವು ಇನ್ನೂ ಹಸಿಯಾಗಿದೆ. ‘ನನ್ನ ಮಗ ಕಡಿಮೆಯವನೇ?’ ಎಂಬ ಮಾತನ್ನು ಅವಳು ಬರೆದಿರಲಿಲ್ಲ. ಆದರೆ ಪತ್ರದ ಸಾಲುಸಾಲಿನಲ್ಲಿ ಅದೇ ಇತ್ತು. ಫ್ರೆಂಚ್ ಬಿಡಬಾರದೆಂಬ ಅವಳ ಹಟಕ್ಕೆ ಮೂಲವೂ ಅದೇ. ಎರಡನೆಯ ಪರಭಾಷೆ ಕೈಯಲ್ಲಿದ್ದರೆ ಹತ್ತನೆಯ ತರಗತಿಯ ನಂತರ ಅಬಿಟೂರಿನ ದಾರಿಗೆ ಸೇರಿಕೊಳ್ಳುವುದು ಹಗುರವಾಗುತ್ತದೆ. ತಂದೆಯ ವಾದ ಬೇರೆ. ಹುಡುಗನ ಕೈ ಚುರುಕು. ಕೆಟ್ಟ ಗಡಿಯಾರ, ಮುರಿದ ಸೈಕಲ್ಲು ಕಂಡರೆ ಊಟ ಮರೆಯುತ್ತಾನೆ. ಮರ, ಲೋಹ, ವಿದ್ಯುತ್ತುಗಳ ಕೆಲಸ ಕಲಿಸುವ ಟೆಕ್ನಿಕ್ ಇರುವಾಗ, ಫ್ರೆಂಚಿನಲ್ಲಿ ‘ಮೂರು’ ತೆಗೆದುಕೊಂಡು ಒದ್ದಾಡುವುದೇಕೆ? (ಅಲ್ಲಿ ಒಂದು ಅತ್ಯುತ್ತಮ, ಆರು ಅತಿ ಕನಿಷ್ಠ. ಮೂರು ಎಂದರೆ ಮಧ್ಯಮ.)

ನಾನು ಎರಡೂ ಪಕ್ಷಗಳನ್ನು ತೂಗಿ ನೋಡಿದೆನು. ತಂದೆಯ ಮಾತಿಗೆ ಬಲವಿದೆ. ಜರ್ಮನಿಯಲ್ಲಿ ಕೈಗೆಲಸಕ್ಕಿರುವ ಗೌರವವನ್ನು ನಮ್ಮವರು ತಿಳಿಯಬೇಕು. ಕಾರ್ಖಾನೆಯಲ್ಲಿ ಕೆಲಸ, ವೃತ್ತಿಶಾಲೆಯಲ್ಲಿ ಪಾಠ ಎರಡನ್ನೂ ಜೊತೆಜೊತೆಯಾಗಿ ನಡೆಸುವ ತರಬೇತಿ ಅಲ್ಲಿ ಬಲವಾಗಿ ಬೇರೂರಿದೆ. ಆ ದಾರಿಯಲ್ಲಿ ಮೇಲೇರಿ ‘ಮೈಸ್ಟರ್’ ಎನಿಸಿಕೊಂಡವನಿಗೆ ವಿಶ್ವವಿದ್ಯಾಲಯದ ಬಾಗಿಲೂ ತೆರೆದಿದೆ. ಇನ್ನು ಅಬಿಟೂರ್ ಬೇಕೆಂದರೂ ಫ್ರೆಂಚ್ ಬಿಟ್ಟವನಿಗೆ ದಾರಿ ಮುಚ್ಚಿಹೋಗುವುದಿಲ್ಲ. ಹತ್ತನೆಯ ತರಗತಿಯ ನಂತರ ಮೂರು ವರ್ಷಗಳ ವೃತ್ತಿಪರ ಗಿಮ್ನಾಸಿಯುಮ್ ಸೇರಿ, ಅಲ್ಲಿ ಎರಡನೆಯ ಪರಭಾಷೆಯೊಂದನ್ನು ಮೊದಲಿನಿಂದ ಆರಂಭಿಸಬಹುದು. ಆದರೆ ತಾಯಿಯ ಮಾತಿನಲ್ಲಿಯೂ ಸತ್ಯವಿದೆ. ಹದಿನಾರರಲ್ಲಿ, ಉಳಿದ ವಿಷಯಗಳು ಕಠಿಣವಾಗುವ ಹೊತ್ತಿನಲ್ಲಿ, ಹೊಸ ಭಾಷೆಯ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವ ಭಾರ ಸಣ್ಣದಲ್ಲ. ಹನ್ನೆರಡರಲ್ಲಿ ಹತ್ತಿದಂತೆ ಆಗ ನಾಲಗೆಗೆ ಹತ್ತುವುದೂ ಇಲ್ಲ.

ಅಲ್ಲದೆ ಆ ನೆಲದಲ್ಲಿ ಫ್ರೆಂಚ್ ಬರಿಯ ಪರೀಕ್ಷೆಯ ವಿಷಯವಲ್ಲ. ಆ ರಾಜ್ಯದ ಪಶ್ಚಿಮಕ್ಕೆ ರೈನ್ ನದಿ, ನದಿಯ ಆಚೆ ದಡ ಫ್ರಾನ್ಸ್. ಮೂರು ತಲೆಮಾರುಗಳಲ್ಲಿ ಮೂರು ಬಾರಿ, 1870, 1914, 1939ರಲ್ಲಿ, ಎರಡು ದೇಶಗಳೂ ಯುದ್ಧಕ್ಕೆ ನಿಂತವು. 1963ರ ಜನವರಿ 22ರಂದು ಅಡೆನೌವರ್ ಮತ್ತು ಡಿ ಗಾಲ್ ಸಹಿ ಹಾಕಿದ ಎಲಿಸೀ ಒಪ್ಪಂದದಲ್ಲಿ, ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಭಾಷೆಯನ್ನು ಕಲಿಯುವುದಕ್ಕೂ ಪ್ರೋತ್ಸಾಹ ಕೊಡಬೇಕೆಂಬ ಮಾತು ಸೇರಿತು. ಇಂದು ಜರ್ಮನಿಯ ಕೇಲ್ ಪಟ್ಟಣದಿಂದ ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ನದಿ ದಾಟಿ ಟ್ರಾಮು ಓಡುತ್ತದೆ, 2017ರಲ್ಲಿ ಆರಂಭವಾದುದು. ನೆರೆಯವನ ಭಾಷೆ ಕಲಿಯುವುದೆಂದರೆ ಜಗಳದ ಕಾರಣವೊಂದನ್ನು ಕಡಿಮೆ ಮಾಡಿಕೊಂಡಂತೆ. ಗಡಿನಾಡಿನಲ್ಲಿ ಬಾಳಿದ ನಮಗೆ ಇದು ತಿಳಿಯದ ಮಾತಲ್ಲ.

ಇಷ್ಟಾದರೂ ಒಂದು ಸಂಗತಿ ನನ್ನ ಮನಸ್ಸನ್ನು ಕೊರೆಯಿತು. ಶಾಲೆಯ ಲೆಕ್ಕದಲ್ಲಿ ಇಂಗ್ಲಿಷ್ ಮೊದಲನೆಯ ಪರಭಾಷೆ, ಫ್ರೆಂಚ್ ಎರಡನೆಯದು. ಮನೆಯಲ್ಲಿ ಅವನು ಆಡುವ ಕನ್ನಡ ಯಾವ ಕಾಲಮ್ಮಿನಲ್ಲಿಯೂ ಇಲ್ಲ! ಆ ಮಗುವಿನ ತಲೆಯಲ್ಲಿ ನಿಜವಾಗಿ ಇರುವವು ನಾಲ್ಕು ಭಾಷೆಗಳು. ಹಾಸನದ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ಬರುವುದು ಅವುಗಳಲ್ಲಿ ಒಂದೇ. ಭಾನುವಾರ ಅರ್ಧ ಗಂಟೆ ಕನ್ನಡ ಓದಿಸುತ್ತಿದ್ದ ತಾಯಿ, ಫ್ರೆಂಚ್ ಶುರುವಾದ ಮೇಲೆ ಅದನ್ನು ನಿಲ್ಲಿಸಿದ್ದಳಂತೆ. “ಪಾಪ, ಎಷ್ಟೆಂದು ಹೊರಿಸಲಿ” ಎಂದು ಬರೆದಿದ್ದಳು. ಗುರುತಿನ ಚೀಟಿಯಿಲ್ಲದವನನ್ನೇ ಸಾಲಿನಿಂದ ಮೊದಲು ಹೊರಗೆ ಕಳುಹಿಸುವುದು ಲೋಕದ ಪದ್ಧತಿ. ಅಂಕವಿಲ್ಲದ ಭಾಷೆಗೂ ಅದೇ ಗತಿ.

ಆಕೆಗೆ ನಾನು ಒಂದು ಚರಿತ್ರೆಯ ಮಾತನ್ನು ನೆನಪಿಸಿದೆನು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅದೇ ವ್ಯುರ್ಟೆಂಬರ್ಗಿನವನು. ಅವನು 1881ರಲ್ಲಿ ತೀರಿಕೊಂಡ ಎಸ್ಲಿಂಗನ್ ಪಟ್ಟಣ ಸ್ಟುಟ್‌ಗಾರ್ಟಿಗೆ ಅಂಟಿಕೊಂಡಂತಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಉತ್ತರ ಜರ್ಮನಿಯಲ್ಲಾದರೂ 1903ರಲ್ಲಿ ಕಣ್ಣು ಮುಚ್ಚಿದ್ದು ಅದೇ ಸೀಮೆಯ ಟ್ಯೂಬಿಂಗನ್ನಿನಲ್ಲಿ. ಅವರಿಗೆ ಕನ್ನಡ ಎಷ್ಟನೆಯ ಪರಭಾಷೆಯೋ! ಮೊದಲು ಕಲಿತ ಭಾಷೆಗಳು ಅವರಿಗೆ ಹೊರೆಯಾಗಲಿಲ್ಲ, ಏಣಿಯ ಮೆಟ್ಟಿಲುಗಳಾದವು. ಆದರೆ ಅವರು ದೊಡ್ಡವರಾಗಿ, ತಾವೇ ಬಯಸಿ ಕಲಿತವರು ಎಂಬುದನ್ನೂ ಸೇರಿಸಿ ಹೇಳಿದೆನು.

ಕೊನೆಗೆ, ಹುಡುಗನೊಡನೆ ನಾನೇ ಮಾತನಾಡುತ್ತೇನೆ ಎಂದೆನು. ದೂರವಾಣಿಯಲ್ಲಿ ಮೊದಲು ಫ್ರೆಂಚಿನ ಕುರಿತೇ ಕೇಳಿದೆ. ಅವನು ಉತ್ಸಾಹದಿಂದ ಹೇಳಿದ ಸಂಗತಿಗಳು ನನಗೇ ಹೊಸವು. ಮೇಜು ಜರ್ಮನ್ನಿನಲ್ಲಿ ಪುಲ್ಲಿಂಗವಂತೆ, ಫ್ರೆಂಚಿನಲ್ಲಿ ಸ್ತ್ರೀಲಿಂಗವಂತೆ. ಜರ್ಮನ್ನಿನಲ್ಲಿ ಹುಡುಗಿ ಎಂಬ ಪದವೇ ನಪುಂಸಕಲಿಂಗವಂತೆ! ಇಪ್ಪತ್ತೊಂದನ್ನು ಜರ್ಮನರು ‘ಒಂದೂ ಇಪ್ಪತ್ತು’ ಎನ್ನುತ್ತಾರೆ, ಎಂಬತ್ತನ್ನು ಫ್ರೆಂಚರು ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆ. ನಮ್ಮ ಹಳ್ಳಿಯ ಅಜ್ಜಿಯರೂ ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತಿದ್ದರೆಂದು ನಾನು ಹೇಳಿದಾಗ ಅವನು ನಕ್ಕುಬಿಟ್ಟ. “ಹಾಗಾದರೆ ನಿನಗೆ ಫ್ರೆಂಚ್ ಬೇಕೋ, ಟೆಕ್ನಿಕ್ ಬೇಕೋ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ:

“ತಾತ, ಫ್ರೆಂಚ್ ಕ್ಲಾಸಲ್ಲಿ ಯಾರಿಗೂ ಏನೂ ಬರಲ್ಲ. ನನಗೂ ಬರಲ್ಲ. ಅದಕ್ಕೇ ಅಲ್ಲಿ ಚೆನ್ನಾಗಿರತ್ತೆ.”

ಈ ಮಾತು ತಂದೆಯ ತಕ್ಕಡಿಯಲ್ಲಿಯೂ ಇರಲಿಲ್ಲ, ತಾಯಿಯ ತಕ್ಕಡಿಯಲ್ಲಿಯೂ ಇರಲಿಲ್ಲ. ಜರ್ಮನ್ ತರಗತಿಯಲ್ಲಿ ಅವನು ಬಾಯಿ ತೆರೆದರೆ ಲಿಂಗ ತಪ್ಪುತ್ತದೆ, ಪಕ್ಕದವರು ತಿದ್ದುತ್ತಾರೆ. ಅವರು ತೊಟ್ಟಿಲಿನಲ್ಲಿ ಕೇಳಿದುದನ್ನು ಇವನು ಆರನೆಯ ವಯಸ್ಸಿನಲ್ಲಿ ಆರಂಭಿಸಿದವನು. ಎಷ್ಟು ಓಡಿದರೂ ಆರು ವರ್ಷ ಹಿಂದೆಯೇ. ಫ್ರೆಂಚಿನಲ್ಲಿ ಮಾತ್ರ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತು ಓಟ ಆರಂಭಿಸಿದ್ದಾರೆ. ಅಲ್ಲಿ ಅವನಿಗೆ ಬಂದ ‘ಮೂರು’, ಉಳಿದ ಮಕ್ಕಳಿಗೆ ಬಂದಂಥದೇ ‘ಮೂರು’.

ಕೇಳಿದೊಡನೆ ನನಗೆ ಕೋಲಾರ ಜಿಲ್ಲೆಯ ಗಡಿಯಲ್ಲಿ ನಾನು ಕೆಲಸ ಮಾಡಿದ ದಿನಗಳು ನೆನಪಾದವು. ಅಲ್ಲಿ ಅರ್ಧ ತರಗತಿಯ ಮನೆಮಾತು ತೆಲುಗು. ಕನ್ನಡ ಪಾಠದಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದ ಒಬ್ಬ ಹುಡುಗ ಹಿಂದಿಯ ಪಾಠದಲ್ಲಿ ಬೇರೆಯೇ ಮನುಷ್ಯನಾಗುತ್ತಿದ್ದ. ಮೊದಲು ಕೈ ಎತ್ತುವವನು ಅವನೇ. ಹಿಂದಿ ಅಲ್ಲಿ ಯಾರ ಮನೆಯಲ್ಲಿಯೂ ಇರಲಿಲ್ಲ. ಹೀಗಾಗಿ ಯಾರೂ ಯಾರನ್ನೂ ನಗುವಂತಿರಲಿಲ್ಲ. ಆ ಧೈರ್ಯವೇ ವರ್ಷದ ಕೊನೆಗೆ ಅವನ ಕನ್ನಡಕ್ಕೂ ಹರಿದು ಬಂತು. ಮೂರನೆಯ ಭಾಷೆಯೊಂದು ಮಗುವಿಗೆ ಹೀಗೂ ಉಪಕಾರ ಮಾಡಬಲ್ಲುದೆಂಬುದು ಯಾವ ಆಯೋಗದ ವರದಿಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹುಡುಗನ ಮಾತನ್ನು ತಂದೆತಾಯಿಗಳಿಗೆ ತಿಳಿಸಿದೆನು, ಅವನ ಅನುಮತಿ ಪಡೆದೇ. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಫ್ರೆಂಚ್ ಮುಂದುವರಿಯಲಿ ಎಂದೇ ಅವರು ಬರೆದುಕೊಟ್ಟರು. ಆದರೆ ಅಬಿಟೂರಿನ ಆಸೆಯಿಂದಲ್ಲ. ತಂದೆ ಶನಿವಾರಗಳಂದು ಗ್ಯಾರೇಜಿನಲ್ಲಿ ಗರಗಸ, ಬೆಸುಗೆಗಳ ಕೆಲಸವನ್ನು ತಾನೇ ಹೇಳಿಕೊಡುವೆನೆಂದು ಒಪ್ಪಿಕೊಂಡಿದ್ದಾನೆ. ಭಾನುವಾರದ ಕನ್ನಡವೂ ಮರಳಿ ಬಂದಿದೆ. ಹೊರೆಯ ಪಾಠವಾಗಿ ಅಲ್ಲ, ಅಜ್ಜಿಗೆ ಪ್ರತಿವಾರ ಐದು ಸಾಲಿನ ಕಾಗದವಾಗಿ. ಮೊದಲ ಕಾಗದದಲ್ಲಿ ಒತ್ತಕ್ಷರಗಳೆಲ್ಲ ತಲೆಕೆಳಗಾಗಿದ್ದವಂತೆ. ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ.

ಬೇರೆ ಮನೆಯಲ್ಲಿ, ಬೇರೆ ಮಗುವಿಗೆ, ಟೆಕ್ನಿಕ್ಕೇ ಸರಿಯಾದ ಉತ್ತರವಾಗಿರಬಹುದು. ಎರಡು ಪರಭಾಷೆ ಕಲಿತವರೆಲ್ಲ ದೊಡ್ಡವರಾಗುವುದಿಲ್ಲ, ಒಂದನ್ನೇ ಕಲಿತವರು ಕೆಡುವುದೂ ಇಲ್ಲ. ಮೊಮ್ಮಕ್ಕಳ ಆಯ್ಕೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈಗ ಬಿಟ್ಟರೆ ಮುಂದೆ ಮತ್ತೆ ಹಿಡಿಯಲು ದಾರಿಯಿದೆಯೇ, ಅದರ ಬೆಲೆಯೇನು? ಹೊಸ ಭಾಷೆಗೆ ಕೊಡುವ ಹೊತ್ತನ್ನು ಯಾವುದರಿಂದ ಕಿತ್ತುಕೊಳ್ಳುತ್ತಿದ್ದೇವೆ? ಆ ತರಗತಿಯಲ್ಲಿ ಕುಳಿತಾಗ ಮಗುವಿನ ತಲೆ ಮೇಲಿರುತ್ತದೆಯೋ, ಕೆಳಗಿರುತ್ತದೆಯೋ? ಮೊದಲೆರಡಕ್ಕೆ ಹಿರಿಯರು ಉತ್ತರ ಹುಡುಕಬಹುದು. ಮೂರನೆಯದಕ್ಕೆ ಮಗುವನ್ನೇ ಕೇಳಬೇಕು. ಕೇಳಿದ ಮೇಲೆ, ಅದು ಉತ್ತರ ಹೇಳುವವರೆಗೆ ಸುಮ್ಮನೆ ಕಾಯಬೇಕು.