ಮೂಲಾ ನಕ್ಷತ್ರದ ಯುಕಿಕೊ

ಜಪಾನಿ ಕಾದಂಬರಿ ಓದಲು ಕೂರುವವರಿಗೆ ಮೊದಲು ಬೇಕಾದದ್ದು ತಾಳ್ಮೆ, ಆಮೇಲೆ ಒಂದು ಪೆನ್ಸಿಲ್. ತಾಳ್ಮೆ ಯಾಕೆಂದರೆ ನೂರು ಪುಟ ದಾಟಿದರೂ ಯಾರೋ ಕಿಮೊನೊ ಆರಿಸುತ್ತಲೇ ಇರುತ್ತಾರೆ, ಮಳೆ ಬರುವ ಹಾಗಿದೆ ಎನ್ನುತ್ತಾರೆ, ಬರುವುದಿಲ್ಲ. ಪೆನ್ಸಿಲ್ ಯಾಕೆಂದರೆ ತ್ಸುರುಕೊ, ಸಚಿಕೊ, ಯುಕಿಕೊ, ತಾಯೆಕೊ ಇವರಲ್ಲಿ ಯಾರಿಗೆ ಯಾರು ಅಕ್ಕ ಎಂದು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳದಿದ್ದರೆ ಕಥೆ ಕೈಗೆ ಹತ್ತುವುದಿಲ್ಲ.

ಈ ನಾಲ್ವರೂ ಜುನಿಚಿರೊ ತನಿಜಾಕಿಯ ಕಾದಂಬರಿಯಲ್ಲಿ ಬರುವ ಮಕಿಯೋಕ ಮನೆತನದ ಹೆಣ್ಣುಮಕ್ಕಳು. ಓಸಾಕಾದ ದೊಡ್ಡ ವರ್ತಕರ ಮನೆ, ಅಪ್ಪ ಹೋದಮೇಲೆ ಕರಗಿದ ಆಸ್ತಿ, ಉಳಿದದ್ದು ಠೀವಿ. ಮೂರನೆಯವಳು ಯುಕಿಕೊಗೆ ಮೂವತ್ತಾದರೂ ಮದುವೆಯಿಲ್ಲ. ಐನೂರು ಚಿಲ್ಲರೆ ಪುಟ ಅವಳಿಗೆ ಗಂಡು ಹುಡುಕುವುದೇ ಕಥೆ. 1943ರಲ್ಲಿ ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದಾಗ ಮಿಲಿಟರಿಯವರು ನಿಲ್ಲಿಸಿಬಿಟ್ಟರು. ದೇಶ ಯುದ್ಧದಲ್ಲಿರುವಾಗ ಹೆಣ್ಣು ತೋರಿಸುವ, ಹೂವು ನೋಡಲು ಹೋಗುವ ಕಥೆ ಯಾರಿಗೆ ಬೇಕು ಎಂದು. ತನಿಜಾಕಿ ನಿಲ್ಲಿಸಲಿಲ್ಲ, ಬರೆಯುತ್ತಲೇ ಹೋದ. ಪೂರ್ತಿ ಅಚ್ಚಾದದ್ದು 1948ಕ್ಕೆ. ಎಡ್ವರ್ಡ್ ಸೈಡನ್‌ಸ್ಟಿಕರ್ ಅದನ್ನು 1957ರಲ್ಲಿ ಇಂಗ್ಲಿಷಿಗೆ ತಂದ. ಅದನ್ನು ನಾನು ನಮ್ಮತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದವಳು. ಸಂಜೆ ಅವರೆಕಾಳು ಹಿತುಕುತ್ತ ಕೂತಾಗ ಅವಳಿಗೆ ಯಾರಾದರೂ ಮಾತಾಡುತ್ತಿರಬೇಕು. ನಾನು ಆ ಹೊತ್ತಿಗೆ ಇನ್ನೂರನೇ ಪುಟದಲ್ಲಿದ್ದೆ. ಏನೂ ಆಗದಿರುವುದರ ಸೌಂದರ್ಯ, ಕ್ಷಣಭಂಗುರತೆ ಎಂದೆಲ್ಲ ಮನಸ್ಸಿನಲ್ಲೇ ವಿಮರ್ಶೆ ಕಟ್ಟುತ್ತಿದ್ದೆ. "ಏನಾಯ್ತಂತೆ ಆ ಹುಡುಗೀದು?" ಎಂದಳು. "ಏನೂ ಆಗಿಲ್ಲ ಅತ್ತೆ, ಅದೇ ಅದರ ವಿಶೇಷ" ಎಂದೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು.

ಅವಳಿಗೆ ಪೆನ್ಸಿಲ್ ಬೇಕಾಗಲಿಲ್ಲ. ಹೆಸರುಗಳನ್ನು ಕಿತ್ತು ಬಿಸಾಕಿ ದೊಡ್ಡೋಳು, ಎರಡ್ನೇಯೋಳು, ನಮ್ಮ ಹುಡುಗಿ, ಚಿಕ್ಕೋಳು ಎಂದು ಮಾಡಿಕೊಂಡಳು. ಯುಕಿಕೊ ಹುಟ್ಟಿದ್ದು ಕುರಿಯ ವರ್ಷದಲ್ಲಿ, ಓಸಾಕಾ ಕಡೆ ಅಂಥ ಹೆಣ್ಣಿಗೆ ಗಂಡು ಸಿಗುವುದು ಕಷ್ಟ ಎಂದಾಗ ಕಾಳು ಹಿತುಕುತ್ತಿದ್ದ ಕೈ ನಿಂತಿತು. "ಮೂಲಾ ನಕ್ಷತ್ರ ಅನ್ನು" ಎಂದಳು. ಅತ್ತೆಯದೂ ಅದೇ ನಕ್ಷತ್ರ. ಮಾವನಿಲ್ಲದ ಮನೆ ಹುಡುಕಿ ಹುಡುಕಿ ಅಜ್ಜನ ಚಪ್ಪಲಿ ಸವೆದಿತ್ತು.

ಯುಕಿಕೊಳ ಕಣ್ಣಿನ ಮೇಲೆ ಆಗಾಗ ಮೂಡಿ ಮಾಯವಾಗುವ ಒಂದು ಕಂದು ಕಲೆಯಿದೆ. ಮದುವೆಯಾದರೆ ಹೋಗುತ್ತದೆ ಎನ್ನುತ್ತಾರೆ. "ಎಲ್ಲಾ ಕಾಯಿಲೆಗೂ ಅದೊಂದೇ ಔಷಧಿ ಇವರಿಗೆ" ಎಂದಳು ಅತ್ತೆ. ಒಂದು ಗಂಡು ಎಲ್ಲ ಸರಿಯಿದ್ದೂ, ಅವನ ತಾಯಿಗೆ ಮಾನಸಿಕ ಕಾಯಿಲೆ ಎಂದು ವಿಚಾರಣೆಯಲ್ಲಿ ತಿಳಿದು ಕೈತಪ್ಪುತ್ತದೆ. ಈ ಗುಟ್ಟಿನ ವಿಚಾರಣೆಗಳು ನನಗೆ ಪತ್ತೇದಾರಿಕೆಯಂತೆ ಕಂಡಿದ್ದವು. ಅತ್ತೆಗೆ ಅದರಲ್ಲೇನೂ ವಿಶೇಷವಿಲ್ಲ. ಅಜ್ಜ ಗಂಡಿನ ಊರಿಗೆ ಹೋದರೆ ಮೊದಲು ಅಂಗಡಿ ಕಟ್ಟೆ ಹತ್ತುತ್ತಿದ್ದನಂತೆ. ಎರಡಾಣೆ ಅಡಿಕೆ ಕೊಂಡು, ಅದನ್ನು ನಿಧಾನಕ್ಕೆ ಕತ್ತರಿಸುತ್ತ, ಆ ಮನೆಯ ಸಾಲ, ಕಾಯಿಲೆ, ಜಗಳ ಎಲ್ಲ ಕೇಳಿಕೊಂಡು ಬರುವುದು. "ಅಡಿಕೆಗೇ ಎಷ್ಟು ಖರ್ಚಾಗಿದೆಯೋ" ಎಂದು ನಕ್ಕಳು.

ಹಾಶಿದೆರ ಎಂಬ ವಿಧುರ ಬಂದ. ಒಳ್ಳೆಯ ಸಂಬಂಧ. ಒಂದು ದಿನ ಅವನು ಫೋನ್ ಮಾಡಿ ಯುಕಿಕೊಳನ್ನೇ ಕರೆದು, ವಾಕಿಂಗ್ ಬರುತ್ತೀರಾ ಎಂದು ಕೇಳುತ್ತಾನೆ. ಅವಳಿಗೆ ಫೋನೆಂದರೆ ಗಾಬರಿ. ಕಾಯಿಸುತ್ತಾಳೆ, ಕೊನೆಗೆ ಬಂದು ಏನೋ ತಡವರಿಸಿ ಒಲ್ಲೆ ಎನ್ನುತ್ತಾಳೆ. ಅವನಿಗೆ ಸಿಟ್ಟು, ಸಂಬಂಧ ಖತಂ. ಓದುವಾಗ ನನಗೆ ಯುಕಿಕೊ ಮೇಲೆ ವಿಪರೀತ ಕೋಪ ಬಂದಿತ್ತು. ಅತ್ತೆ ಮಾತ್ರ ಅವಳ ಪರ. "ಅವನು ಮನೇಗೇ ಬಂದು ಕೇಳಬಹುದಿತ್ತು. ಏಳೆಂಟು ಜನದ ಮುಂದೆ ತಲೆ ಬಗ್ಗಿಸಿ ಕೂತವಳಿಗೆ ತಂತಿಯೊಳಗೆ ಮಾತಾಡು ಅಂದ್ರೆ?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಅನ್ನೋಕೂ ಧೈರ್ಯ ಬೇಕು ಕಣೋ" ಎಂದಳು. ಅತ್ತೆಯನ್ನು ನೋಡಿಹೋದವರಲ್ಲಿ ಎಷ್ಟು ಜನ ಬೇಡ ಎಂದರು, ಎಷ್ಟು ಜನಕ್ಕೆ ಇವಳೇ ಎಂದಳು ಎಂಬ ಲೆಕ್ಕ ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ನಾನೂ ಕೇಳಲಿಲ್ಲ.

ಕೊನೆಗೂ ಗಂಡು ಗೊತ್ತಾಯಿತು. ಐನೂರು ಪುಟ ಕಾದಮೇಲೆ ತನಿಜಾಕಿ ನಮಗೆ ಓಲಗ ಊದಿಸುತ್ತಾನೆಂದುಕೊಂಡರೆ, ಮದುವೆಗೆಂದು ಟೋಕಿಯೊ ರೈಲು ಹತ್ತುವ ಯುಕಿಕೊಗೆ ಭೇದಿ. ಔಷಧಿಗೆ ಬಗ್ಗದ ಭೇದಿ ರೈಲಿನಲ್ಲೂ ಮುಂದುವರಿಯುತ್ತದೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಜಗತ್ತಿನ ಶ್ರೇಷ್ಠ ಕಾದಂಬರಿಗಳ ಅಂತ್ಯಗಳಲ್ಲಿ ಇದಕ್ಕೆ ಸಮ ನಾನು ಕಂಡಿಲ್ಲ. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ಅಳುಕುತ್ತಲೇ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಾಪ, ಓಮದ ಕಷಾಯ ಕೊಡೋರು ಗತಿಯಿರಲಿಲ್ಲವಾ? ಆಮೇಲೆ ಚೆನ್ನಾಗಿದ್ದಳಾ?"

ಕಥೆ ನಿಲ್ಲುವುದು 1941ರ ಏಪ್ರಿಲ್‌ನಲ್ಲಿ. ಡಿಸೆಂಬರಿಗೆ ಪರ್ಲ್ ಹಾರ್ಬರ್. 1945ರಲ್ಲಿ ಓಸಾಕಾ, ಟೋಕಿಯೊ ಎರಡೂ ಬೆಂಕಿಬಾಂಬಿಗೆ ಉರಿದವು.

"ಚೆನ್ನಾಗಿದ್ದಳು" ಎಂದೆ.

ಮುಂದಿನ ವಾರ, ಅದೇ ಸೈಡನ್‌ಸ್ಟಿಕರ್ ಅನುವಾದಿಸಿದ ಕವಾಬಾತನ 'ಸ್ನೋ ಕಂಟ್ರಿ' ಹಿಡಿದು ಕೂತೆ. 1968ರಲ್ಲಿ ನೊಬೆಲ್ ಬಂದ ಸಾಹಿತಿ ಎಂದು ಪೀಠಿಕೆ ಹಾಕಿದೆ. ಟೋಕಿಯೊದ ಶಿಮಾಮುರ ರೈಲಿನಲ್ಲಿ ಹಿಮದ ನಾಡಿಗೆ ಹೋಗುತ್ತಾನೆ, ಅಲ್ಲಿ ಬಿಸಿನೀರಿನ ಬುಗ್ಗೆಯ ಊರಲ್ಲಿ ಕೊಮಾಕೊ ಎಂಬ ಗೇಶಾ ಇದ್ದಾಳೆ ಎಂದೆ.

"ಇವನಿಗೆ ಮದುವೆ ಆಗಿದೆಯಾ?"

"ಆಗಿದೆ. ಹೆಂಡತಿ ಮಕ್ಕಳು ಟೋಕಿಯೊದಲ್ಲಿದ್ದಾರೆ."

"ನೊಬೆಲ್ ಕೊಟ್ಟೋರು ಇದನ್ನೆಲ್ಲ ವಿಚಾರಿಸಲಿಲ್ಲವಾ?" ಎಂದು ಅತ್ತೆ ಮೊರವನ್ನು ತನ್ನ ಕಡೆಗೆಳೆದುಕೊಂಡಳು. "ಬೇರೆ ಪುಸ್ತಕ ತಗಂಡು ಬಾ."