ಡಾಲರು ಬಂದದ್ದು ಯಾರ ಮನೆಗೆ?

ಹಂಪಿಯ ವಿಠ್ಠಲನ ಗುಡಿ ಬಾಗಿಲಲ್ಲಿ ಟಿಕೀಟಿಗೆ ಎರಡು ರೇಟು. 2018ರಲ್ಲಿ ನಮ್ಮ ದೇಶದವರಿಗೆ 40 ರೂಪಾಯಿ ಮಾಡಿದರು, ಪರದೇಶದವರಿಗೆ 600. ನಾವು ಆ ಗುಡಿಯ ಸುತ್ತಲಿನ ಕೇರಿಗಳ ಮಂದಿ. ಹುಡುಗರಾಗಿದ್ದಾಗ ಬಿಳಿಯರು ಬಾಡಿಗೆ ಸೈಕಲ್ಲು ತುಳಿದುಕೊಂಡು ಹೋದರೆ ಹಿಂದೆ ಓಡುತ್ತಿದ್ದೆವು. ನಾವು ಕೇಳುತ್ತಿದ್ದುದು ಒಂದು ಪೆನ್ನು. ದಿಲ್ಲಿ ಕೇಳುತ್ತಿದ್ದುದು ಡಾಲರು.

ದೊಡ್ಡವರ ಲೆಕ್ಕ ನಮಗೆ ತಿಳಿದದ್ದು ತಡವಾಗಿ. ಪರದೇಶದವನು ಇಲ್ಲಿ ತಿಂದ ಇಡ್ಲಿ, ಮಲಗಿದ ಹಾಸಿಗೆ, ಹತ್ತಿದ ಆಟೋ, ಎಲ್ಲವೂ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ರಫ್ತು. ಪಕ್ಕದ ಸಂಡೂರಿನ ಅದಿರು ಒಂದು ಕಾಲಕ್ಕೆ ಲಾರಿ ಹತ್ತಿ, ಬಂದರಿಗೆ ಹೋಗಿ, ಚೀನಾದ ಹಾದಿ ಹಿಡಿಯುತ್ತಿತ್ತು. ಇದರಲ್ಲಿ ಆ ಕಷ್ಟವಿಲ್ಲ. ಕೊಳ್ಳುವವನೇ ಬಂದು ಉಂಡು ಹೋಗುತ್ತಾನೆ, ಡಾಲರು ಇಲ್ಲೇ ಉಳಿಯುತ್ತದೆ. ಅದರಿಂದ ದೇಶ ಕಚ್ಚಾತೈಲ ತರಿಸುತ್ತದೆ. 2019ರಲ್ಲಿ ಹಾಗೆ ಬಂದವರು 1 ಕೋಟಿ 9 ಲಕ್ಷ ಜನ. ಬಂದ ಹಣ 2 ಲಕ್ಷ 11 ಸಾವಿರ ಕೋಟಿ ರೂಪಾಯಿಗೂ ಮೇಲೆ. ಸಣ್ಣ ಮಾತಲ್ಲ. ದೇಶಕ್ಕೆ ಬೇಡ ಅಂತ ನಾವೂ ಅನ್ನುವುದಿಲ್ಲ.

ಇದನ್ನು ಅವ್ವನಿಗೆ ಓದಿ ಹೇಳಿದೆವು. "ಅಷ್ಟೆಲ್ಲ ಬಂದೈತಾ? ನನ್ ಕೈಗೆ ಕಸಬರಿಗಿ ಬಂತ್ ನೋಡು" ಅಂದಳು.

ಅವ್ವ ಹಂಪಿ ಬಜಾರಿನ ಸಾಲುಮಂಟಪದ ಒಂದು ಹೋಟೆಲಿನಲ್ಲಿ ದುಡಿದಳು. ಕಸ ಹೊಡೆಯೋದು, ಹಿಂದಿನ ಕಕ್ಕಸು ತೊಳೆಯೋದು. ಅಡಿಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅದೇ ಹೋಟೆಲಿನಲ್ಲಿ ಉಣ್ಣುತ್ತಿದ್ದ ಒಬ್ಬ ಪರದೇಶಿ ಹೆಣ್ಣುಮಗಳು ಒಂದು ದಿನ ನಮ್ಮ ಗುಡಿಸಲಿಗೇ ಬಂದಳು. ನೆಲದ ಮೇಲೆ ಕೂತು ಅವ್ವನ ಕೈಯ ರೊಟ್ಟಿ ತಿಂದಳು. ಜಾತಿ ಕೇಳಲಿಲ್ಲ. (ಆಕೆಗೆ ಗೊತ್ತಿರಲಿಲ್ಲ ಅನ್ನಿ.) ಆಕೆಯ ದುಡ್ಡು ಮಾತ್ರ ಜಾತಿ ಕೇಳುತ್ತಾ ಕೇಳುತ್ತಾ ಇಳಿಯುತ್ತಿತ್ತು. ಮೊದಲು ಮಾಲೀಕ, ಆಮೇಲೆ ಗಿರಾಕಿ ತಂದ ಏಜೆಂಟು, ಆಮೇಲೆ ಅಡಿಗೆಯವನು, ಕಟ್ಟಕಡೆಗೆ ಅವ್ವ. ಡಾಲರು ಗಡಿ ದಾಟಿದ್ದನ್ನು ಎಣಿಸುವವರಿದ್ದಾರೆ. ಒಳಗೆ ಬಂದಮೇಲೆ ಅದು ಯಾವ ಕೇರಿಗೆ ಹೋಯಿತು ಅಂತ ಆ ಪುಸ್ತಕ ಕೇಳುವುದಿಲ್ಲ.

2011ರ ಜುಲೈನಲ್ಲಿ ಬಜಾರು ಕೆಡವಿದರು. ಮಂಟಪಗಳನ್ನು ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಸ್ಮಾರಕ ಉಳಿಯಬೇಕು ಎಂದರು. ಉಳಿಯಲಿ, ಆ ಕಲ್ಲು ಹೊತ್ತವರೂ ನಮ್ಮಂಥವರೇ ಇದ್ದಾರು. ಆದರೆ ಒಕ್ಕಲೆದ್ದವರಿಗೆ ಪರಿಹಾರದ ಮಾತಾದರೂ ಆಯಿತು, ಅವರ ಹಿತ್ತಿಲಲ್ಲಿ ಕಸಬರಿಗೆ ಹಿಡಿದವಳ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ಅವ್ವ ಬಾಳೆತೋಟದ ಕೂಲಿಗೆ ಹೋದಳು. ಪ್ರವಾಸಿಗರು ಬರುತ್ತಲೇ ಇದ್ದರು.

ಆಮೇಲೆ ತಮ್ಮ ಸಾಲ ಮಾಡಿ ಆಟೋ ತಗೊಂಡ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ವೀಸಾ ನಿಲ್ಲಿಸಿದರು. ಪ್ರವಾಸಿಗರಿಗೆ ಮತ್ತೆ ಪೂರಾ ಬಾಗಿಲು ತೆರೆದದ್ದು 2021ರ ನವೆಂಬರಿನಲ್ಲಿ. 2020ರ ಆದಾಯ ಹಿಂದಿನ ವರ್ಷದ ಕಾಲುಪಾಲಿಗಿಂತ ಕೆಳಗೆ, 50 ಸಾವಿರ ಕೋಟಿಯ ಆಸುಪಾಸಿಗೆ ಬಿತ್ತು. ಪತ್ರಿಕೆಗಳು ಉದ್ಯಮಕ್ಕೆ ಪೆಟ್ಟು ಎಂದು ಬರೆದವು. ನಮ್ಮ ತಮ್ಮನ ಆಟೋವನ್ನು ಫೈನಾನ್ಸಿನವರು ಎಳಕೊಂಡು ಹೋದರು. ಲಾಭ ಹಂಚುವಾಗ ಕಟ್ಟಕಡೆಗೆ ನಿಂತವರ ಮನೆಗೆ ನಷ್ಟ ಮೊದಲು ಬಂತು, ನೋಡ್ರಿ.

ರೊಟ್ಟಿ ತಿಂದುಹೋದ ಆ ಹೆಣ್ಣುಮಗಳು ಅವ್ವನ ಕೈಯಲ್ಲಿ ಎರಡು ಯೂರೋದ ಒಂದು ನಾಣ್ಯ ಇಟ್ಟಿದ್ದಳು. ಆಟೋ ಹೋದ ವಾರ ಅದನ್ನು ಹೊಸಪೇಟೆಗೆ ಒಯ್ದೆವು. "ನೋಟಾದ್ರೆ ಬದಲಾಯಿಸಿ ಕೊಡ್ತೀವಿ, ಚಿಲ್ಲರೆ ನಡೆಯಂಗಿಲ್ಲ" ಅಂದರು. ಅವ್ವ ಅದನ್ನು ಇಸಕೊಂಡು ಎಲೆಅಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಹಾಕಿ ಕಟ್ಟಿದಳು.